ಬೋರಿಯಲ್ ಕಾಡು: ಊರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಿರಸಿ ಸೀಮೆಯ ಅಡಿಕೆ ತೋಟದ ಮನೆಯಿಂದ ಹೊರಟು ಫಿನ್ಲೆಂಡಿನ ಔಲು ಎಂಬ ಊರಿಗೆ ಬಂದು ಬಿದ್ದವನು ನಾನು. ಅಕ್ಷಾಂಶ 65 ಡಿಗ್ರಿ ಉತ್ತರ. ಮನೆ ಹಿಂದಿನ ಪಾರ್ಕಿಂಗ್ ದಾಟಿದರೆ ಕಾಡು ಶುರುವಾಗುತ್ತದೆ. ಊರಿಗೆ ಫೋನ್ ಮಾಡಿದಾಗಲೆಲ್ಲ ಅಪ್ಪ, ಚಿಕ್ಕಪ್ಪ, ಅತ್ತೆಯ ಮಕ್ಕಳು, ಹೈಸ್ಕೂಲ್ ಗೆಳೆಯರು ಕೇಳುವುದು ಹೆಚ್ಚುಕಮ್ಮಿ ಇವೇ ಪ್ರಶ್ನೆಗಳನ್ನು. ಹೇಳಿ ಹೇಳಿ ಬಾಯಿಪಾಠವಾಗಿದೆ, ಆದ್ದರಿಂದ ಬರೆದೇ ಇಟ್ಟಿದ್ದೇನೆ.

ಬೋರಿಯಲ್ ಕಾಡು, ಟೈಗಾ ಎರಡೂ ಒಂದೇನಾ?

ಬಹುಮಟ್ಟಿಗೆ ಒಂದೇ: ಉತ್ತರದ ಚಳಿನಾಡುಗಳ, ಹೆಚ್ಚಾಗಿ ಸೂಜಿ ಎಲೆ ಮರಗಳ ಕಾಡು. ಗ್ರೀಕರ ಬಡಗಣ ಗಾಳಿಯ ದೇವರು ಬೋರಿಯಸ್, ಅವನಿಂದ ಬೋರಿಯಲ್. ಟೈಗಾ ಎಂಬುದು ಸೈಬೀರಿಯಾ ಕಡೆಯ ಮಾತು, ರಷ್ಯನ್ ಮೂಲಕ ಜಗತ್ತಿಗೆ ಹಬ್ಬಿತು. ಕೆಲವರು ಮರಗಳು ವಿರಳವಾಗುತ್ತ ಹೋಗುವ ಉತ್ತರದ ಅಂಚಿಗೆ ಮಾತ್ರ ಟೈಗಾ ಅನ್ನುತ್ತಾರೆ. ಆ ಜಗಳಕ್ಕೆ ನಾನು ಹೋಗುವುದಿಲ್ಲ.

ಎಲ್ಲೆಲ್ಲಿದೆ?

ಭೂಮಿಯ ತಲೆಗೆ ಮುಂಡಾಸು ಸುತ್ತಿದ ಹಾಗೆ. ನಾರ್ವೆ, ಸ್ವೀಡನ್, ಫಿನ್ಲೆಂಡಿನಿಂದ ಹಿಡಿದು ರಷ್ಯಾದ ಉದ್ದಕ್ಕೂ ಪೆಸಿಫಿಕ್ ಕಡಲಿನವರೆಗೆ, ಆಮೇಲೆ ಅಲಾಸ್ಕಾ, ಕೆನಡಾ ಹಾಯ್ದು ಅಟ್ಲಾಂಟಿಕ್ ದಡದವರೆಗೆ. ಸುಮಾರಾಗಿ 50ರಿಂದ 70 ಡಿಗ್ರಿ ಉತ್ತರದ ನಡುವೆ. ಜಗತ್ತಿನ ಒಟ್ಟು ಕಾಡಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇದೇ. ದೊಡ್ಡ ಪಾಲು ರಷ್ಯಾದ್ದು, ಆಮೇಲೆ ಕೆನಡಾದ್ದು. ದಕ್ಷಿಣ ಗೋಳಾರ್ಧದಲ್ಲಿ ಇಂಥ ಕಾಡಿಲ್ಲ. ಅಲ್ಲಿ ಈ ಅಕ್ಷಾಂಶಗಳಲ್ಲಿ ಇರುವುದು ಬಹುಪಾಲು ಸಮುದ್ರ.

ಎಷ್ಟು ಚಳಿ ಮಾರಾಯಾ ಅಲ್ಲಿ?

ಮೊದಲು ಕೇಳುವ ಪ್ರಶ್ನೆ ಇದೇ. ಅಂಕಿ ಬೇಕಿದ್ದರೆ ಕೊಡುತ್ತೇನೆ. ಪೂರ್ವ ಸೈಬೀರಿಯಾದ ವೆರ್ಖೊಯಾನ್ಸ್ಕ್, ಒಯ್ಮ್ಯಕೋನ್ ಎಂಬ ಎರಡು ಊರುಗಳಲ್ಲಿ ಮೈನಸ್ 67 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ದಾಖಲಾಗಿದೆ, ಒಂದರಲ್ಲಿ 1892ರಲ್ಲಿ, ಇನ್ನೊಂದರಲ್ಲಿ 1933ರಲ್ಲಿ. ಕೆನಡಾದ ಯೂಕಾನ್ ಪ್ರಾಂತ್ಯದ ಸ್ನ್ಯಾಗ್ ಎಂಬಲ್ಲಿ 1947ರ ಫೆಬ್ರುವರಿಯಲ್ಲಿ ಮೈನಸ್ 63ರ ಹತ್ತಿರ. ಫಿನ್ಲೆಂಡಿನ ದಾಖಲೆ ಮೈನಸ್ 51.5, ಕಿತ್ತಿಲಾ ಕಡೆಯ ಪೊಕ್ಕಾದಲ್ಲಿ, 1999ರ ಜನವರಿ 28ರಂದು.

ನಮ್ಮ ಔಲು ಇಷ್ಟು ಕ್ರೂರಿಯಲ್ಲ. ಮೈನಸ್ 25 ಬಂದ ದಿನ ಮೂಗಿನೊಳಗಿನ ಕೂದಲು ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಮೊದಲ ಸಲ ಶೀತವಾಯಿತೇನೋ ಅಂದುಕೊಂಡಿದ್ದೆ. ಪಾರ್ಕಿಂಗಿನಲ್ಲಿ ಪ್ರತಿ ಕಾರಿನ ಮುಂದೆ ಒಂದೊಂದು ಗೂಟ, ಗೂಟದಲ್ಲಿ ಪ್ಲಗ್ ಪಾಯಿಂಟ್. ಎಲೆಕ್ಟ್ರಿಕ್ ಕಾರಿಗಲ್ಲ, ಎಂಜಿನ್ ಬೆಚ್ಚಗಿಡುವ ಹೀಟರಿಗೆ. ಕೊಟ್ಟಿಗೆಯಲ್ಲಿ ದನ ಕಟ್ಟಿದಂತೆ ಸಾಲಾಗಿ ವೈರ್ ಕಟ್ಟಿಕೊಂಡು ನಿಂತಿರುತ್ತವೆ.

ಆದರೆ ನನ್ನನ್ನು ಕೇಳಿದರೆ ಈ ಕಾಡು ಅರ್ಥವಾಗಲು ಚಳಿಯ ಅಂಕಿ ಸಾಲದು, ಬೇಸಿಗೆಯ ಅಂಕಿ ಬೇಕು. ತಿಂಗಳ ಸರಾಸರಿ ಉಷ್ಣಾಂಶ 10 ಡಿಗ್ರಿ ದಾಟುವುದು ಇಲ್ಲಿ ಒಂದರಿಂದ ಮೂರು ತಿಂಗಳು ಮಾತ್ರ. ಚಿಗುರುವುದು, ಹೂ ಬಿಡುವುದು, ಬೀಜ ಕಟ್ಟುವುದು, ಮರಿ ಮಾಡುವುದು, ಕೊಳೆಯುವುದು ಎಲ್ಲವೂ ಅಷ್ಟರೊಳಗೇ ಆಗಬೇಕು. ಉತ್ತರಕ್ಕೆ ಹೋಗುತ್ತ ಅತಿ ಬೆಚ್ಚಗಿನ ತಿಂಗಳೂ ಆ 10 ಡಿಗ್ರಿ ಮುಟ್ಟದೆ ಹೋಗುತ್ತದೆ. ಹೆಚ್ಚುಕಡಿಮೆ ಅಲ್ಲಿಗೇ ಮರ ನಿಂತು ಹೋಗಿ ಟಂಡ್ರಾ ಶುರು. ಅಂದರೆ ಕಾಡಿನ ಗಡಿ ಎಳೆದದ್ದು ಜನವರಿಯಲ್ಲ, ಜುಲೈ.

ಹಾಗಾದರೆ ಬೇಸಿಗೆ ಅಂದರೆ ನಮ್ಮ ಚಳಿಗಾಲದ ಥರವಾ?

ಎಲ್ಲ ಕಡೆ ಅಲ್ಲ. ಸೈಬೀರಿಯಾದ ಒಳನಾಡಿನಲ್ಲಿ 30 ಡಿಗ್ರಿ ದಾಟುವುದು ಅಪರೂಪವೇನಲ್ಲ. ಮೇಲೆ ಹೇಳಿದ ಅದೇ ವೆರ್ಖೊಯಾನ್ಸ್ಕ್‌ನಲ್ಲಿ 2020ರ ಜೂನ್ 20ರಂದು 38 ಡಿಗ್ರಿ! ವಿಶ್ವ ಹವಾಮಾನ ಸಂಸ್ಥೆ ಅದನ್ನು ಆರ್ಕ್ಟಿಕ್ ವಲಯದ ದಾಖಲೆ ಎಂದು ಒಪ್ಪಿಕೊಂಡಿದೆ. ಒಂದೇ ಊರಿನ ಕನಿಷ್ಠಕ್ಕೂ ಗರಿಷ್ಠಕ್ಕೂ ನೂರಕ್ಕಿಂತ ಹೆಚ್ಚು ಡಿಗ್ರಿ ಅಂತರ.

ಕಾರಣ ಸಮುದ್ರದ ದೂರ. ನೀರು ನಿಧಾನವಾಗಿ ಕಾಯುತ್ತದೆ, ನಿಧಾನವಾಗಿ ಆರುತ್ತದೆ. ನೆಲಕ್ಕೆ ಆ ತಾಳ್ಮೆ ಇಲ್ಲ. ನಾರ್ವೆ, ಫಿನ್ಲೆಂಡಿಗೆ ಅಟ್ಲಾಂಟಿಕ್‌ನ ಬೆಚ್ಚಗಿನ ಪ್ರವಾಹ, ಅದರ ಮೇಲಿಂದ ಬೀಸುವ ಪಡುವಣ ಗಾಳಿಯ ಕೃಪೆ ಇದೆ. ಪೂರ್ವ ಸೈಬೀರಿಯಾಕ್ಕೆ ಅದು ತಲುಪುವುದಿಲ್ಲ. ಚಳಿಗಾಲದಲ್ಲಿ ಅಲ್ಲಿ ಭಾರವಾದ ತಣ್ಣನೆಯ ಗಾಳಿ ಕಣಿವೆಗಳೊಳಗೆ ಇಳಿದು, ಮೋಡವಿಲ್ಲದ ಆಕಾಶದ ಕೆಳಗೆ ಅಲ್ಲಾಡದೆ ಕೂತುಬಿಡುತ್ತದೆ. ಬೆಟ್ಟದ ಮೇಲೆ ಕಣಿವೆಗಿಂತ ಬೆಚ್ಚಗಿರುವುದೂ ಉಂಟು.

ಮಳೆ?

ಕಡಿಮೆ. ಔಲುವಿನಲ್ಲಿ ವರ್ಷಕ್ಕೆ ಮಳೆ ಹಿಮ ಎಲ್ಲ ಸೇರಿ 500 ಮಿಲಿಮೀಟರಿನ ಆಸುಪಾಸು. ಸೈಬೀರಿಯಾದ ಯಾಕುಟ್ಸ್ಕ್‌ನಲ್ಲಿ ಅದರ ಅರ್ಧದಷ್ಟು. ನಮ್ಮ ಕಡೆ ಆಷಾಢದ ಒಂದು ಜೋರು ವಾರ ಸಾಕು ಅದಕ್ಕೆ. ಚಿಕ್ಕಪ್ಪನಿಗೆ ಈ ಅಂಕಿ ಹೇಳಿದಾಗ "ಅದು ಬಯಲುಸೀಮೆ ಅಲ್ದನಾ, ಕಾಡು ಹ್ಯಾಂಗೆ ಬೆಳೀತು?" ಅಂದ. ಸರಿಯಾದ ಪ್ರಶ್ನೆಯೇ. ಉತ್ತರ ಮುಂದಿನದರಲ್ಲಿದೆ.

ಮಳೆ ಕಡಿಮೆ ಅನ್ನುತ್ತೀ, ಫೋಟೋದಲ್ಲಿ ಎಲ್ಲಿ ನೋಡಿದರೂ ಕೆರೆ, ಜವುಗು?

ಬಿದ್ದದ್ದು ಹೋಗುವುದಿಲ್ಲ, ಅದಕ್ಕೆ. ತಂಪಿನಲ್ಲಿ ಆವಿಯಾಗುವುದು ಕಡಿಮೆ. ಆರು ತಿಂಗಳ ಹಿಮ ಏಪ್ರಿಲ್-ಮೇ ಹೊತ್ತಿಗೆ ಒಟ್ಟಿಗೆ ಕರಗಿ ನೆಲಕ್ಕಿಳಿಯುತ್ತದೆ. ನೆಲವೋ ತಟ್ಟೆಯ ಹಾಗೆ ಚಪ್ಪಟೆ.

ಆ ತಟ್ಟೆ ತಯಾರಾದ ಕಥೆ ದೊಡ್ಡದು. ಹಿಂದಿನ ಹಿಮಯುಗದಲ್ಲಿ ಇಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜುಗಡ್ಡೆ ಕೂತಿತ್ತು. ಸುಮಾರು 10,000 ವರ್ಷದ ಹಿಂದೆ ಕರಗಿ ಸರಿದಾಗ ಕೆರೆದ ಗುಂಡಿಗಳೆಲ್ಲ ಕೆರೆಗಳಾದವು. ಫಿನ್ಲೆಂಡ್ ಒಂದರಲ್ಲೇ ಚಿಕ್ಕಪುಟ್ಟದ್ದೆಲ್ಲ ಸೇರಿ 1,88,000ದಷ್ಟು. ಮಂಜಿನ ಅಡಿಯಲ್ಲಿ ಹರಿದ ನದಿಗಳು ಬಿಟ್ಟುಹೋದ ಮರಳು ಜಲ್ಲಿಯ ಉದ್ದುದ್ದ ದಿಬ್ಬಗಳಿವೆ, ಇಲ್ಲಿಯವರು ಹರ್ಯು ಎನ್ನುತ್ತಾರೆ. ಅದರ ನೆತ್ತಿಯ ಮೇಲೆ ನಡೆದರೆ ಎರಡೂ ಬದಿ ನೀರು, ನಡುವೆ ಪೈನ್ ಮರ. ಇನ್ನೊಂದು ಸೋಜಿಗ: ಆ ಭಾರ ಇಳಿದ ಮೇಲೆ ನೆಲ ಇನ್ನೂ ಮೇಲೇಳುತ್ತಲೇ ಇದೆ. ಬಾತ್ನಿಯಾ ಕೊಲ್ಲಿಯ ಈ ದಡದಲ್ಲಿ ವರ್ಷಕ್ಕೆ ಹೆಚ್ಚುಕಡಿಮೆ 7-8 ಮಿಲಿಮೀಟರ್. ಅಜ್ಜ ದೋಣಿ ಕಟ್ಟುತ್ತಿದ್ದ ಜಾಗದಲ್ಲಿ ಮೊಮ್ಮಗ ಹುಲ್ಲು ಕೊಯ್ಯುತ್ತಾನೆ.

ಜವುಗಿನ ಬಗ್ಗೆ ಒಂದು ಬೇಸರದ ಮಾತು. ಈ ದೇಶದ ನೆಲದಲ್ಲಿ ಮೂರನೇ ಒಂದು ಪಾಲು ಒಂದು ಕಾಲಕ್ಕೆ ಜವುಗೇ ಆಗಿತ್ತು. ಅದರ ಅರ್ಧಕ್ಕೂ ಹೆಚ್ಚಿನದಕ್ಕೆ ಕಾಲುವೆ ತೋಡಿ, ನೀರು ಬಸಿದು, ಮರ ಬೆಳೆಸಲು ಒಣಗಿಸಿದರು. ಫೋಟೋದಲ್ಲಿ ದಟ್ಟ ಕಾಡಾಗಿ ಕಾಣುವುದರಲ್ಲಿ ಬಹಳಷ್ಟು ನಿಜಕ್ಕೂ ಮರದ ತೋಟ. ಒಂದೇ ವಯಸ್ಸು, ಒಂದೇ ಎತ್ತರ. ನಮ್ಮ ಕಡೆಯ ಅಕೇಶಿಯಾ ಪ್ಲಾಂಟೇಶನ್ ನೋಡಿದ ಕಣ್ಣಿಗೆ ಬೇಗ ಗೊತ್ತಾಗುತ್ತದೆ.

ಅಷ್ಟು ಚಳಿಗೆ ಮರ ಒಳಗಿನಿಂದ ಹೆಪ್ಪುಗಟ್ಟಿ ಸಾಯುವುದಿಲ್ಲವೇ?

ತಯಾರಿ ಮಾಡಿಕೊಳ್ಳುತ್ತದೆ. ಆಗಸ್ಟಿನಲ್ಲಿ ಹಗಲು ಕುಗ್ಗುವುದೇ ಮರಕ್ಕೆ ಸೂಚನೆ. ಬೆಳವಣಿಗೆ ನಿಲ್ಲಿಸುತ್ತದೆ, ಜೀವಕೋಶದೊಳಗೆ ಸಕ್ಕರೆ ಅಂಶ ಕೂಡಿಡುತ್ತದೆ, ನೀರನ್ನು ಕೋಶದಿಂದ ಹೊರಗಿನ ಸಂದಿಗೆ ದಾಟಿಸುತ್ತದೆ. ಮಂಜುಗಡ್ಡೆ ಕಟ್ಟಿದರೂ ಕೋಶದ ಹೊರಗೆ ಕಟ್ಟುತ್ತದೆ. ಒಳಗೆ ಕಟ್ಟಿದರೆ ಮಾತ್ರ ಸಾವು. ಜನವರಿಯಲ್ಲಿ ಮೈನಸ್ 40 ತಡೆದುಕೊಂಡ ಅದೇ ಮರಕ್ಕೆ ಜುಲೈಯಲ್ಲಿ ಮೈನಸ್ 10 ಬಂದರೆ ಸೂಜಿಗಳು ಸುಟ್ಟಂತಾಗುತ್ತವೆ.

ಎಲೆ ಸೂಜಿಯಂತೆ ಸಪೂರ, ಮೇಲೆ ಮೇಣದ ಲೇಪ, ಉಸಿರಾಡುವ ರಂಧ್ರಗಳು ಒಳಸರಿದಿರುತ್ತವೆ. ಇದು ಚಳಿಗಿಂತ ಹೆಚ್ಚಾಗಿ ಬಾಯಾರಿಕೆಗೆ ಮಾಡಿಕೊಂಡ ಏರ್ಪಾಡು. ಮಾರ್ಚ್-ಏಪ್ರಿಲ್‌ನಲ್ಲಿ ಬಿಸಿಲು ಚುರುಕು, ಬೇರಿನ ಬುಡದ ನೀರು ಮಾತ್ರ ಇನ್ನೂ ಕಲ್ಲು. ಮೇಲಿನಿಂದ ನೀರು ಆರುತ್ತದೆ, ಕೆಳಗಿನಿಂದ ಬರುವುದಿಲ್ಲ. ಮರಗಳು ಒಣಗುವುದು ಆಗ. ಇನ್ನು ವರ್ಷವಿಡೀ ಎಲೆ ಇಟ್ಟುಕೊಂಡಿರುವುದರ ಲಾಭ ಲೆಕ್ಕ ಹಾಕಿ ನೋಡಿ: ಬೆಚ್ಚಗಾದ ದಿನವೇ ಅಂಗಡಿ ತೆರೆಯಬಹುದು, ಹೊಸ ಎಲೆ ಬರಲಿ ಎಂದು ಎರಡು ವಾರ ಕಾಯಬೇಕಿಲ್ಲ. ಹನ್ನೆರಡು ವಾರದ ಬೇಸಿಗೆಯಲ್ಲಿ ಎರಡು ವಾರ ಅಂದರೆ ದೊಡ್ಡ ನಷ್ಟ.

ಎಲ್ಲವೂ ನಿತ್ಯಹಸಿರು ಮರಗಳೇ?

ಇಲ್ಲ. ಇಲ್ಲಿ ಮುಖ್ಯವಾಗಿ ಪೈನ್, ಸ್ಪ್ರೂಸ್, ಜೊತೆಗೆ ಎಲೆ ಉದುರಿಸುವ ಬರ್ಚ್. ಬರ್ಚ್ ಅಂದರೆ ಹಿಮಾಲಯದ ಭೂರ್ಜದ ದಾಯಾದಿ. ತೊಗಟೆ ಅದೇ ರೀತಿ ಕಾಗದದಂತೆ ಸುಲಿಯುತ್ತದೆ. ವಿಚಿತ್ರದ ಮರ ಲಾರ್ಚ್: ಪೈನ್ ಜಾತಿಯ ನೆಂಟ, ಸೂಜಿ ಎಲೆಯದೇ, ಆದರೆ ಶರತ್ಕಾಲದಲ್ಲಿ ಅರಿಶಿನ ಬಣ್ಣಕ್ಕೆ ತಿರುಗಿ ಅಷ್ಟೂ ಸೂಜಿ ಉದುರಿಸಿ ಬೋಳಾಗಿ ನಿಲ್ಲುತ್ತದೆ. ಚಳಿ ಅತಿಯಾಗಿರುವ ಪೂರ್ವ ಸೈಬೀರಿಯಾದಲ್ಲಿ ಕಾಡೆಂದರೆ ಇದೇ. ಎಲೆಯೇ ಇಲ್ಲದಿದ್ದರೆ ಒಣಗುವ ಭಯವೂ ಇಲ್ಲ.

ನೆಲ ಹೇಗಿದೆ? ಏನಾದರೂ ಬೆಳೆಯಬಹುದಾ?

ಅಪ್ಪನ ಪ್ರಶ್ನೆ ಇದು. ಕೃಷಿಕರಿಗೆ ಮೊದಲು ಹೊಳೆಯುವುದು ಮಣ್ಣೇ.

ಗೆಳೆಯನೊಬ್ಬನ ಮೊಕ್ಕಿಯಲ್ಲಿ, ಅಂದರೆ ಕಾಡಿನೊಳಗಿನ ಬೇಸಿಗೆ ಮನೆಯಲ್ಲಿ, ಕಂಬ ಹುಗಿಯಲು ಗುಂಡಿ ತೋಡಿದ್ದೆವು. ಮೇಲಿನ ಪಾಚಿ ನೆನೆದ ಹಾಸಿಗೆಯ ಹಾಗೆ ಒಂದೇ ತುಂಡಾಗಿ ಎದ್ದು ಬಂತು. ಅದರಡಿ ನಾಲ್ಕು ಬೆರಳು ದಪ್ಪ, ಅರ್ಧ ಕೊಳೆತ ಸೂಜಿಗಳ ಕಪ್ಪು ಪದರ. ಮೂಸಿದರೆ ಹುಳಿ ಹುಳಿ ಅಣಬೆ ವಾಸನೆ. ಅದರ ಕೆಳಗೆ ಥಟ್ಟನೆ ಬಣ್ಣ ಬದಲು: ಒಲೆಯಿಂದ ಈಗ ತಾನೇ ಬಾಚಿ ಹಾಕಿದ ಬೂದಿಯಂಥ ಬಿಳಿಚಿದ ಮರಳು. ಇನ್ನೂ ಒಂದು ಗೇಣು ಇಳಿದರೆ ತುಕ್ಕು ಹಿಡಿದ ತಗಡಿನ ಕೆಂಪು. ನಾಲ್ಕು ಬಣ್ಣದ ಬರ್ಫಿ ಕತ್ತರಿಸಿದ ಹಾಗಿತ್ತು ಗುಂಡಿಯ ಗೋಡೆ.

ಈ ಮಣ್ಣಿಗೆ ಪಾಡ್ಜಾಲ್ ಎಂದು ಹೆಸರು. ರಷ್ಯನ್ ಭಾಷೆಯಲ್ಲಿ 'ಬೂದಿಯಡಿ' ಎಂಬ ಅರ್ಥ. ಸೂಜಿ ಎಲೆಗಳಿಂದ ಬಸಿದ ಹುಳಿ ನೀರು ಮೇಲಿನ ಮರಳಿನ ಕಬ್ಬಿಣ, ಅಲ್ಯೂಮಿನಿಯಂ ಅಂಶವನ್ನೆಲ್ಲ ತೊಳೆದು ಕೆಳಗಿಳಿಸುತ್ತದೆ. ತೊಳೆದ ಪದರ ಬೂದಿಬಣ್ಣ, ಇಳಿದು ನಿಂತ ಪದರ ತುಕ್ಕುಬಣ್ಣ.

ನಮ್ಮ ಸೊಪ್ಪಿನ ಬೆಟ್ಟದಲ್ಲಿ ಬೇಸಿಗೆಯಲ್ಲಿ ಬಿದ್ದ ದರಗು ಮಳೆಗಾಲ ಮುಗಿಯುವುದರೊಳಗೆ ಬಹುಪಾಲು ಮಣ್ಣಾಗಿರುತ್ತದೆ. ಗೆದ್ದಲು, ಎರೆಹುಳು, ಅಣಬೆ ಎಲ್ಲ ಸೇರಿ ಮುಗಿಸಿಬಿಡುತ್ತವೆ. ಇಲ್ಲಿ ಒಂದು ಸೂಜಿ ಕೊಳೆಯಲು ವರ್ಷಗಳು ಬೇಕು. ಗೆದ್ದಲಿಲ್ಲ, ಎರೆಹುಳು ವಿರಳ, ಸೂಕ್ಷ್ಮಜೀವಿಗಳಿಗೂ ಮೂರು ತಿಂಗಳ ಕೆಲಸ, ಒಂಬತ್ತು ತಿಂಗಳ ರಜೆ. ಲ್ಯಾಪ್‌ಲ್ಯಾಂಡ್ ಕಡೆ ಸತ್ತ ಪೈನ್ ಮರ ಬೀಳದೆ, ಕೊಳೆಯದೆ, ಬೆಳ್ಳಿಬಣ್ಣಕ್ಕೆ ತಿರುಗಿ ದಶಕಗಟ್ಟಲೆ, ಕೆಲವೊಮ್ಮೆ ಶತಮಾನಗಟ್ಟಲೆ ನಿಂತೇ ಇರುತ್ತದೆ. ಅದಕ್ಕೆ ಕೆಲೊ ಎಂಬ ಬೇರೆ ಹೆಸರೇ ಇದೆ. ಹೀಗಾಗಿ ಬೋರಿಯಲ್ ಕಾಡಿನ ಆಸ್ತಿ ಮರದಲ್ಲಿರುವುದಕ್ಕಿಂತ ಹೆಚ್ಚು ಮಣ್ಣಿನಲ್ಲಿ, ಜವುಗಿನ ಪೀಟ್‌ನಲ್ಲಿ, ಅಂದರೆ ಅರ್ಧ ಕೊಳೆತು ಪದರಗಟ್ಟಿದ ಗಿಡ-ಪಾಚಿಯಲ್ಲಿ ಇದೆ. ಸಾವಿರಾರು ವರ್ಷ ಕೂಡಿಟ್ಟ ಇಂಗಾಲ ಅದು.

ಸತ್ವ ಕೊಳೆತು ವಾಪಸು ಬರುವುದು ನಿಧಾನವಾದ್ದರಿಂದ ಮರಗಳಿಗೆ ಸಾರಜನಕ ಯಾವಾಗಲೂ ಕೊರತೆ. ಬೇರಿಗೆ ಸುತ್ತಿಕೊಂಡ ಶಿಲೀಂಧ್ರದ ಎಳೆಗಳು ಅದನ್ನು ಹೆಕ್ಕಿ ತಂದು ಕೊಟ್ಟು, ಬದಲಿಗೆ ಸಕ್ಕರೆ ಪಡೆಯುತ್ತವೆ. ಪಾಚಿಯೊಳಗೆ ವಾಸಿಸುವ ನೀಲಿ-ಹಸಿರು ಸೂಕ್ಷ್ಮಜೀವಿಗಳೂ ಗಾಳಿಯ ಸಾರಜನಕವನ್ನು ಅಷ್ಟಿಷ್ಟು ಇಳಿಸುತ್ತವೆ. ಅಪ್ಪನಿಗೆ ಚುಟುಕಾಗಿ ಹೇಳಿದ್ದು: ಆಲೂಗಡ್ಡೆ, ಬಾರ್ಲಿ, ಓಟ್ಸ್ ಆಗುತ್ತದೆ, ಸುಣ್ಣ ಹಾಕಬೇಕು.

ನೆಲದಡಿ ಯಾವಾಗಲೂ ಮಂಜುಗಡ್ಡೆ ಇರುತ್ತದಂತೆ, ನಿಜವೇ?

ಔಲುವಿನಲ್ಲಿ ಇಲ್ಲ. ಸೈಬೀರಿಯಾ, ಅಲಾಸ್ಕಾ, ಉತ್ತರ ಕೆನಡಾದ ಬಹುಭಾಗದಲ್ಲಿ ಇದೆ, ಅದೇ ಪರ್ಮಾಫ್ರಾಸ್ಟ್. ಯಾಕುಟ್ಸ್ಕ್‌ನಲ್ಲಿ ಶೆರ್ಗಿನ್ ಎಂಬಾತ ನೀರಿಗಾಗಿ 1828ರಲ್ಲಿ ಬಾವಿ ತೋಡಲು ಶುರುಮಾಡಿ ಸುಮಾರು ಒಂಬತ್ತು ವರ್ಷ ಅಗೆಸಿದ. 116 ಮೀಟರ್ ಇಳಿದರೂ ಹೆಪ್ಪುಗಟ್ಟಿದ ನೆಲ ಮುಗಿಯಲೇ ಇಲ್ಲ. ನೀರಿಲ್ಲದ ಆ ಬಾವಿ ವಿಜ್ಞಾನಿಗಳಿಗೆ ಉಪಯೋಗಕ್ಕೆ ಬಂತು, ಆಳದ ಉಷ್ಣಾಂಶ ಅಳೆದರು. ಆ ಊರಲ್ಲಿ ಕಟ್ಟಡಗಳು ಇವತ್ತಿಗೂ ಕಂಬಗಳ ಮೇಲೆ ನಿಲ್ಲುತ್ತವೆ. ಮನೆಯ ಬಿಸಿ ನೆಲಕ್ಕೆ ತಾಗಿ ಕರಗಿದರೆ ಮನೆಯೇ ವಾಲುತ್ತದೆ.

ಬೇಸಿಗೆಯಲ್ಲಿ ಮೇಲಿನ ಒಂದೆರಡು ಮೀಟರ್ ಮಾತ್ರ ಕರಗುತ್ತದೆ, ಕೆಳಗಿನ ಮಂಜು ಆ ನೀರನ್ನು ಇಂಗಲು ಬಿಡುವುದಿಲ್ಲ. ಚಿಕ್ಕಪ್ಪನ ಪ್ರಶ್ನೆಗೆ ಇದು ಉಳಿದರ್ಧ ಉತ್ತರ: ಬಯಲುಸೀಮೆಯಷ್ಟೂ ಇಲ್ಲದ ಮಳೆಯಲ್ಲಿ ಯಾಕುಟ್ಸ್ಕ್ ಸುತ್ತ ಕಾಡು ನಿಂತಿರುವುದು ಹೀಗೆ.

ಪ್ರಾಣಿಗಳು ಬದುಕುವುದು ಹೇಗೆ?

ಕರಡಿ ಮಲಗುತ್ತದೆ, ಬಹಳಷ್ಟು ಹಕ್ಕಿಗಳು ದಕ್ಷಿಣಕ್ಕೆ ಹೊರಡುತ್ತವೆ, ಮೊಲ ಬಿಳಿ ಕೋಟು ಹಾಕುತ್ತದೆ. ಅಷ್ಟು ಎಲ್ಲರಿಗೂ ಗೊತ್ತು. ನನಗೆ ಇಷ್ಟವಾದದ್ದು ಹಿಮದ ಕೆಳಗಿನ ಲೋಕ. ಹಿಮ ಅಂದರೆ ಮುಕ್ಕಾಲು ಪಾಲು ಗಾಳಿ, ಕಂಬಳಿಯ ಹಾಗೆ. ಒಂದು ಮೊಳ ಹಿಮ ಬಿದ್ದರೆ ಸಾಕು, ಹೊರಗೆ ಮೈನಸ್ 30 ಇದ್ದರೂ ನೆಲದ ಮಟ್ಟದಲ್ಲಿ ಸೊನ್ನೆಯ ಆಸುಪಾಸು ಇರುತ್ತದೆ. ಇಲಿ, ಹೆಗ್ಗಣದ ಸಂತತಿ ಅಲ್ಲಿ ಸುರಂಗ ಮಾಡಿಕೊಂಡು ಚಳಿಗಾಲ ಕಳೆಯುತ್ತದೆ. ಚಳಿಗಾಲದಲ್ಲಿ ಅವುಗಳಿಗೆ ಕಷ್ಟ ಹಿಮದಿಂದಲ್ಲ, ಹಿಮ ಬೀಳದೆ ಹೋದರೆ.

ಹಿಮಸಾರಂಗ ಹಿಮ ಕೆರೆದು ತಿನ್ನುವುದು ಒಂದು ಬಗೆಯ ಕಲ್ಲುಹೂವು. ಹೌದು, ನಮ್ಮ ಮಸಾಲೆಗೆ ಹಾಕುವ ಕಲ್ಲುಹೂವಿನ ಬಳಗವೇ. ವರ್ಷಕ್ಕೆ ಕೆಲವೇ ಮಿಲಿಮೀಟರ್ ಬೆಳೆಯುತ್ತದೆ. ಒಣಗಿದಾಗ ತುಳಿದರೆ ಹಪ್ಪಳದಂತೆ ಪುಡಿ, ಮತ್ತೆ ಮೊದಲಿನಂತಾಗಲು ವರ್ಷಾನುಗಟ್ಟಲೆ ಬೇಕು. ಉತ್ತರ ಅಮೆರಿಕದ ಕಾಡುಕಪ್ಪೆಯದು ಇನ್ನೂ ವಿಚಿತ್ರ: ಮೈಯ ನೀರಿನ ಅರ್ಧಕ್ಕಿಂತ ಹೆಚ್ಚು ಹೆಪ್ಪುಗಟ್ಟಿ, ಹೃದಯ ನಿಂತು, ವಸಂತದಲ್ಲಿ ಕರಗಿ ಮತ್ತೆ ಕುಪ್ಪಳಿಸುತ್ತದೆ.

ಸೊಳ್ಳೆ?

ಇದೆ. ಜೂನ್ ಕೊನೆಯಿಂದ ಮಳೆಗಾಲದ ಹಾಸ್ಟೆಲನ್ನೂ ಮೀರಿಸುವಷ್ಟು. ಹಿಮಸಾರಂಗಗಳು ಅದರ ಕಾಟಕ್ಕೇ ಗಾಳಿ ಬೀಸುವ ಬೋಳುಗುಡ್ಡ ಹತ್ತುತ್ತವೆ.

ತಣ್ಣಗಿನ ಕಾಡಿಗೆ ಬೆಂಕಿ ಹೇಗೆ ಬೀಳುತ್ತದೆ?

ತಣ್ಣಗಿದ್ದರೂ ಒಣಗಿರುತ್ತದಲ್ಲ. ರಾಳ ತುಂಬಿದ ಮರ, ಕೊಳೆಯದೆ ಬಿದ್ದಿರುವ ಸೂಜಿ, ಇಪ್ಪತ್ತು ತಾಸಿನ ಬಿಸಿಲು, ಒಂದು ಸಿಡಿಲು. ಬೆಂಕಿ ಈ ಕಾಡಿಗೆ ಹೊಸದಲ್ಲ. ಕೆನಡಾದ ಜ್ಯಾಕ್ ಪೈನ್ ಕಾಯಿಗಳು ಮೇಣದಂಥ ರಾಳದಿಂದ ಮುಚ್ಚಿಕೊಂಡು ವರ್ಷಗಟ್ಟಲೆ ಕಾಯುತ್ತವೆ, ಬೆಂಕಿಯ ಬಿಸಿಗೆ ಬಾಯಿ ಬಿಟ್ಟು ಬೂದಿಯ ಮೇಲೆ ಬೀಜ ಸುರಿಯುತ್ತವೆ.

ಹೊಸದು ಅಳತೆ. 2023ರಲ್ಲಿ ಕೆನಡಾದಲ್ಲಿ ಸುಟ್ಟದ್ದು ಸುಮಾರು 1.5 ಕೋಟಿ ಹೆಕ್ಟೇರ್, ಕರ್ನಾಟಕದ ಮುಕ್ಕಾಲು ಭಾಗಕ್ಕಿಂತ ಹೆಚ್ಚು. ಆ ಜೂನಿನಲ್ಲಿ ನ್ಯೂಯಾರ್ಕಿನ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು, ಆಗಸ್ಟಿನಲ್ಲಿ ಯೆಲ್ಲೋನೈಫ್ ಎಂಬ ಊರಿಗೆ ಊರನ್ನೇ ಖಾಲಿ ಮಾಡಿಸಿದರು. ಪೀಟ್‌ಗೆ ಹಿಡಿದ ಬೆಂಕಿ ಇನ್ನೂ ಕೆಟ್ಟದ್ದು. ಹೊಟ್ಟಿನ ಒಲೆಯ ಹಾಗೆ ಒಳಗೊಳಗೇ ಹೊಗೆಯಾಡುತ್ತ, ಹಿಮದಡಿ ಚಳಿಗಾಲ ಕಳೆದು, ಬೇಸಿಗೆಗೆ ಮತ್ತೆ ಮೇಲೇಳುತ್ತದೆ. ಸಾವಿರ ವರ್ಷ ಕೂಡಿಟ್ಟದ್ದು ಎರಡು ವಾರದಲ್ಲಿ ಹೊಗೆ.

ಹವಾಮಾನ ಬದಲಾವಣೆ ಅಲ್ಲಿ ಕಣ್ಣಿಗೆ ಕಾಣುತ್ತದಾ?

ಆರ್ಕ್ಟಿಕ್ ವಲಯ 1979ರಿಂದೀಚೆಗೆ ಜಗತ್ತಿನ ಸರಾಸರಿಗಿಂತ ನಾಲ್ಕು ಪಟ್ಟಿನಷ್ಟು ವೇಗವಾಗಿ ಬಿಸಿಯಾಗಿದೆ ಎಂದು ಇಲ್ಲಿಯ ಹವಾಮಾನ ಸಂಸ್ಥೆಯ ವಿಜ್ಞಾನಿಗಳು 2022ರಲ್ಲಿ ತೋರಿಸಿದರು. "ಚಳಿ ದೇಶ ಸ್ವಲ್ಪ ಬೆಚ್ಚಗಾದರೆ ಒಳ್ಳೇದೇ ಅಲ್ವಾ" ಅನ್ನುತ್ತಾರೆ ಗೆಳೆಯರು. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆದದ್ದು ಹೇಳುತ್ತೇನೆ. ಪೈನ್ ಮರ ಕೊರೆಯುವ ಅಕ್ಕಿಕಾಳಿನಷ್ಟು ದೊಡ್ಡ ದುಂಬಿಯ ಹುಳುಗಳನ್ನು ಮೈನಸ್ 40ರ ಚಳಿಯೇ ಕೊಲ್ಲುತ್ತಿತ್ತು. ಅಂಥ ಚಳಿ ಬಾರದ ಚಳಿಗಾಲಗಳು ಒಂದರ ಹಿಂದೊಂದು ಬಂದು, 1990ರ ದಶಕದ ಕೊನೆಯಿಂದ ಲಕ್ಷಾಂತರ ಹೆಕ್ಟೇರ್ ಕಾಡು ಕೆಂಪಾಗಿ ಒಣಗಿತು. ಔಷಧಿ ಹೊಡೆಯುವ ಕೆಲಸವನ್ನು ಚಳಿ ಪುಕ್ಕಟೆ ಮಾಡಿಕೊಡುತ್ತಿತ್ತು.

ನಮಗೂ ಆ ಕಾಡಿಗೂ ಏನಾದರೂ ಸಂಬಂಧ ಉಂಟಾ?

ಉಂಟು. ದಸರಾ ಆಚೀಚೆ ಊರ ಕೆರೆಯಂಚಿನಲ್ಲಿ ಬಾಲ ಕುಣಿಸುತ್ತ ಒಂಟಿಯಾಗಿ ಓಡಾಡುವ, ಹತ್ತಿರ ಹೋದರೆ ಕೂಗುತ್ತ ಬಿಳಿ ಬೆನ್ನುಬುಡ ತೋರಿಸಿ ಹಾರುವ ಹಸಿರು ಗದ್ದೆಗೊರವ ಗೊತ್ತಲ್ಲ? ಅದು ಮರಿ ಮಾಡುವುದು ಇಲ್ಲಿಯ ಜವುಗು ಕಾಡುಗಳಲ್ಲಿ. ನೀರಹಕ್ಕಿಯಾದರೂ ನೆಲದಲ್ಲಿ ಗೂಡು ಕಟ್ಟದು. ಬೇರೆ ಹಕ್ಕಿ ಬಿಟ್ಟ ಹಳೆಯ ಗೂಡನ್ನು ಮರದ ಮೇಲೆ ಹುಡುಕಿ ಮೊಟ್ಟೆ ಇಡುತ್ತದೆ. ಮರಿಗಳು ಅಲ್ಲಿಂದ ಪಾಚಿಯ ಮೇಲೆ ಧುಮುಕುತ್ತವೆ.

ಇನ್ನೊಂದು ನಂಟು ಬೆಳಗಿನ ಪೇಪರು. ಭಾರತ ತರಿಸುವ ನ್ಯೂಸ್‌ಪ್ರಿಂಟಿನಲ್ಲಿ ರಷ್ಯಾ, ಕೆನಡಾದ ಪಾಲು ದೊಡ್ಡದು. ನಿಧಾನ ಬೆಳೆದ ಈ ಮರಗಳ ನಾರು ಉದ್ದ, ಆದ್ದರಿಂದ ತೆಳು ಕಾಗದವೂ ಮೆಷಿನ್ನಿನಲ್ಲಿ ಹರಿಯುವುದಿಲ್ಲ.

ಬರುವುದಾದರೆ ಯಾವಾಗ ಬರಲಿ?

ಎಲ್ಲರೂ ಡಿಸೆಂಬರಿನಲ್ಲಿ ಬರುತ್ತೇವೆ ಅನ್ನುತ್ತಾರೆ. ಆಗ ಔಲುವಿನಲ್ಲಿ ಹಗಲು ಮೂರೂವರೆ ತಾಸು, ಕಾಡು ನೋಡಲು ಬೆಳಕೇ ಇಲ್ಲ. ಹಿಮ ಬೇಕಿದ್ದರೆ ಮಾರ್ಚಿನಲ್ಲಿ ಬನ್ನಿ, ಹಿಮವೂ ಇರುತ್ತದೆ, ಬಿಸಿಲೂ ಇರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ವಾರ. ಸೊಳ್ಳೆ ಸತ್ತಿರುತ್ತದೆ, ಬರ್ಚ್ ಹಳದಿಗೆ ತಿರುಗಲು ಶುರುವಾಗಿರುತ್ತದೆ, ಲಿಂಗನ್‌ಬೆರಿ ಹಣ್ಣಾಗಿರುತ್ತದೆ.

ಕಾಡಿನ ಹಣ್ಣು ಕಿತ್ತರೆ ಫಾರೆಸ್ಟ್ ಗಾರ್ಡ್ ಹಿಡಿಯುವುದಿಲ್ಲವೇ?

ಇಲ್ಲ. ಇಲ್ಲಿ ಯಾರ ಕಾಡಿನಲ್ಲಾದರೂ ಯಾರಾದರೂ ನಡೆಯಬಹುದು, ಹಣ್ಣು, ಅಣಬೆ ಕೀಳಬಹುದು. ಮನೆಯಂಗಳ ಬಿಡಬೇಕು, ಮರದ ಟೊಂಗೆ ಮುರಿಯಬಾರದು, ಪಾಚಿ, ಕಲ್ಲುಹೂವು ಕೀಳಬಾರದು. ಜವುಗಿನಲ್ಲಿ ಸಿಗುವ ಹೊಂಬಣ್ಣದ ಹಿಲ್ಲಾ ಹಣ್ಣಿನ ಜಾಗ ಮಾತ್ರ ಯಾರನ್ನೂ ಕೇಳಬೇಡಿ. ಸ್ವಂತ ತಮ್ಮನಿಗೂ ಹೇಳುವುದಿಲ್ಲ.

ಲಿಂಗನ್‌ಬೆರಿ ಕೀಳಲು ಒಂದು ಪೆಟ್ಟಿಗೆಯಿದೆ, ಮುಂದೆ ಬಾಚಣಿಗೆಯಂಥ ಹಲ್ಲು. ಗಿಡ ಮೊಣಕಾಲೆತ್ತರವೂ ಇರುವುದಿಲ್ಲ. ಬಗ್ಗಿ ಬಾಚಿದರೆ ಹಣ್ಣು ಒಳಗೆ, ಎಲೆ ಹೊರಗೆ. ಲಿಂಗನ್‌ಬೆರಿ ಕರಂಡೆಯಷ್ಟು ಹುಳಿ, ಸ್ವಲ್ಪ ಒಗರು. ಅದರಲ್ಲೇ ಇರುವ ಬೆಂಜೋಯಿಕ್ ಆಮ್ಲದಿಂದಾಗಿ ಬೇಗ ಕೆಡುವುದಿಲ್ಲ. ಬೆಲ್ಲ, ಒಣಮೆಣಸು, ಸಾಸಿವೆ ಒಗ್ಗರಣೆ ಹಾಕಿ ಗೊಜ್ಜು ಮಾಡಿದರೆ ದೋಸೆಗೆ ಚೆನ್ನಾಗಿ ಹೊಂದುತ್ತದೆ. ಒಂದು ಬಾಟಲಿ ಅಮ್ಮನಿಗೂ ಕಳಿಸಿದ್ದೆ. ಬೆಲ್ಲ ಕಮ್ಮಿಯಾಗಿದೆ ಅಂದಳು.